62,000 ಓಡಿದ ಆಕ್ಟೇವಿಯಾ ತಗೋಬೇಕಾ? ಮೊದ್ಲು ಅದು ಎಲ್ಲಿ ಓಡಿದೆ ಕೇಳ್ರಿ

ಪ್ರಶ್ನೆ: ನಮ್ಮೂರು ಹುಬ್ಬಳ್ಳಿ, ಈಗ ಪುಣೆಯ ಪಿಂಪಳೆ ಸೌದಾಗರ್‌ನಲ್ಲಿ ಇದ್ದೀವಿ, ಆಫೀಸು ಹಿಂಜವಡಿ ಫೇಸ್ 3. ಮನೇಲಿ ನಾನು, ಹೆಂಡ್ತಿ, ಇಬ್ಬರು ಮಕ್ಕಳು, ಮೊಣಕಾಲು ನೋವಿರೋ ಅಮ್ಮ. ತಿಂಗಳಿಗೊಮ್ಮೆ ಊರಿಗೆ ಹೋಗ್ತೀವಿ. ಎಸ್‌ಯುವಿ ಬೇಡ, ಓಡಿಸೋಕೆ ಮಜಾ ಇರೋ ಸೆಡಾನೇ ಬೇಕು ಅಂತ ಹುಡುಕ್ತಿದ್ದಾಗ 2018ರ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ (ಟರ್ಬೋ ಪೆಟ್ರೋಲ್) ಆಟೋಮ್ಯಾಟಿಕ್ ಸಿಕ್ಕಿದೆ. ಎಂಎಚ್-14 ಪಾಸಿಂಗ್ (ಪಿಂಪ್ರಿ ಚಿಂಚವಾಡ ರಿಜಿಸ್ಟ್ರೇಷನ್), ಸೆಕೆಂಡ್ ಓನರ್, 62,000 ಕಿಮೀ, 12.5 ಲಕ್ಷ ಕೇಳ್ತಿದ್ದಾರೆ. ಓನರ್ ಕೂಡ ಹಿಂಜವಡಿಯಲ್ಲೇ ಕೆಲಸ ಮಾಡೋರು. ಮೊದ್ಲು ರೀಮ್ಯಾಪ್ (ಇಂಜಿನ್ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸೋದು) ಮಾಡಿಸಿದ್ರಂತೆ, ಈಗ ಸ್ಟಾಕ್‌ಗೆ, ಅಂದ್ರೆ ಕಂಪನಿ ಸಾಫ್ಟ್‌ವೇರ್‌ಗೆ ವಾಪಸ್ ತಂದಿದ್ದೀನಿ ಅಂತಾರೆ. ಇದೇ ಮಾಡೆಲ್ ಇನ್ನೊಂದು 1,10,000 ಓಡಿದ್ದು 10.5 ಲಕ್ಷಕ್ಕೆ ಇದೆ, ಕಿಮೀ ಜಾಸ್ತಿ ಅಂತ ನೋಡೋಕೇ ಹೋಗಿಲ್ಲ. ಮೊದಲನೇದನ್ನ ತಗೋಬಹುದಾ? ಮುಂದೆ ಹುಬ್ಬಳ್ಳಿಗೇ ಶಿಫ್ಟ್ ಆದ್ರೆ ಕಾರಿನ ಕಥೆ ಏನು?

ಉತ್ತರ: ಮಾಡೆಲ್‌ಗೆ ನನ್ನ ಹೂಂ ಇದೆ, ನೀವು ನೋಡಿಟ್ಟಿರೋ ಆ ಗಾಡಿಗೆ ಆ ರೇಟಿಗೆ ಇಲ್ಲ. ಮತ್ತೆ ನೀವು ನೋಡೋಕೇ ಹೋಗದ ಆ ಲಕ್ಷ ದಾಟಿದ್ದು ಇದೆಯಲ್ಲ, ಈ ಶನಿವಾರ ಮೊದ್ಲು ಅದನ್ನ ನೋಡ್ಕೊಂಡು ಬನ್ನಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಮ್ಮ ಜನ ಸೆಕೆಂಡ್ ಹ್ಯಾಂಡ್ ಕಾರು ಅಂದ್ರೆ ಮೊದ್ಲು ಕೇಳೋದೇ ಎಷ್ಟು ಓಡಿದೆ ಅಂತ. ಆಲ್ಟೋಗೆ ಆ ಪ್ರಶ್ನೆ ನಡೆಯುತ್ತೆ. ಈ ಕಾರಿಗೆ ಕೇಳಬೇಕಾದ್ದು ಎಷ್ಟು ಗಂಟೆ ಓಡಿದೆ, ಎಂಥ ರಸ್ತೇಲಿ ಓಡಿದೆ ಅಂತ. ಲೆಕ್ಕ ಹಾಕಿ ನೋಡ್ರಿ. ಹಿಂಜವಡಿ, ಭೂಮಕರ್ ಚೌಕ, ವಾಕಡ್ ಈ ಏರಿಯಾದಲ್ಲಿ ಆಫೀಸ್ ಟೈಮಲ್ಲಿ ಸರಾಸರಿ ಸ್ಪೀಡು ಗಂಟೆಗೆ 15 ಕಿಮೀ ಸಿಕ್ಕಿದ್ರೆ ಪುಣ್ಯ. 62,000 ಕಿಮೀನ ಆ ಸ್ಪೀಡಲ್ಲಿ ಓಡಿಸಿದ್ರೆ 4,100 ಗಂಟೆ ಮೇಲೆ ಆಯ್ತು. ಇನ್ನೊಂದು ಗಾಡಿ 1,10,000 ಕಿಮೀನ ಹೈವೇಯಲ್ಲಿ ಸರಾಸರಿ 60ರಲ್ಲಿ ಓಡಿದ್ರೆ 1,800 ಚಿಲ್ಲರೆ ಗಂಟೆ. ಅಂದ್ರೆ ಮೀಟರಲ್ಲಿ ಎಳೇದಾಗಿ ಕಾಣೋ ಗಾಡಿ ಇಂಜಿನ್ ಲೆಕ್ಕದಲ್ಲಿ ಎರಡು ಪಟ್ಟು ಜಾಸ್ತಿ ದುಡಿದಿರುತ್ತೆ. ಇನ್ನು ಕ್ಲಚ್ ಲೆಕ್ಕಕ್ಕೆ ಬಂದ್ರೆ ಎರಡು ಪಟ್ಟು ಅನ್ನೋದೂ ಕಮ್ಮಿ, ಯಾಕಂದ್ರೆ ಹೈವೇಯಲ್ಲಿ ಪುಣೆ ಬಿಟ್ಟು ಸಾತಾರಾ ಮುಟ್ಟೋ ತನಕ ಕ್ಲಚ್ಚಿಗೆ ಹೆಚ್ಚುಕಮ್ಮಿ ಕೆಲಸವೇ ಇಲ್ಲ, ಭೂಮಕರ್ ಚೌಕದ ಒಂದು ಸಿಗ್ನಲ್ ದಾಟೋಕೆ ನಲವತ್ತು ಸಲ ಹಿಡಿದು ಬಿಡುತ್ತೆ.

ಈ ಕಾರಲ್ಲಿ ಕ್ಲಚ್ ಬಗ್ಗೆ ಇಷ್ಟು ಹೇಳೋಕೆ ಕಾರಣ ಅದರ ಗೇರ್‌ಬಾಕ್ಸು. 1.8 ಟಿಎಸ್‌ಐ ಜೊತೆ ಬರೋದು 7 ಸ್ಪೀಡ್ ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್, ಕಂಪನಿ ಕೋಡು ಡಿಕ್ಯೂ200. ಒಳಗೆ ಎರಡು ಕ್ಲಚ್ ಇರುತ್ತೆ, ಎರಡೂ ಡ್ರೈ, ಅಂದ್ರೆ ಎಣ್ಣೆಯಲ್ಲಿ ಮುಳುಗಿರಲ್ಲ, ನಮ್ಮ ಮ್ಯಾನ್ಯುಯಲ್ ಗಾಡಿ ಕ್ಲಚ್ ಇದ್ದ ಹಾಗೇ ಗಾಳೀಲೇ ತಣ್ಣಗಾಗಬೇಕು. ಗೇರ್ ಬದಲಾಯಿಸೋದು ಮೆಕಾಟ್ರಾನಿಕ್ ಅಂತ ಒಂದು ಯೂನಿಟ್, ಎಲೆಕ್ಟ್ರಾನಿಕ್ಸು ಮತ್ತು ಹೈಡ್ರಾಲಿಕ್ಸು ಎರಡೂ ಒಂದೇ ಪೆಟ್ಟಿಗೆಯಲ್ಲಿ. ಓಡ್ತಾ ಇರುವಾಗ ಈ ಗೇರ್‌ಬಾಕ್ಸಿನಷ್ಟು ಚುರುಕು ಯಾವುದೂ ಇಲ್ಲ, ಗೇರ್ ಬಿದ್ದಿದ್ದೇ ಗೊತ್ತಾಗಲ್ಲ. ಆದ್ರೆ ಗಂಟೆಗಟ್ಟಲೆ ತೆವಳೋ ಟ್ರಾಫಿಕ್ಕಲ್ಲಿ ಬ್ರೇಕ್ ಮೇಲಿಂದ ಅರ್ಧ ಕಾಲು ತೆಗೆದು ಇಂಚಿಂಚು ಬಿಡ್ತಾ ಹೋದ್ರೆ ಕ್ಲಚ್ ಅರ್ಧ ಹಿಡಿದೇ ಇರುತ್ತೆ, ಕಾಯುತ್ತೆ, ಸವೆಯುತ್ತೆ. ಇದೇ ಗೇರ್‌ಬಾಕ್ಸಿಗೆ 2013ರಲ್ಲಿ ಫೋಕ್ಸ್‌ವ್ಯಾಗನ್ ಗ್ರೂಪ್ ಜಗತ್ತಿನಾದ್ಯಂತ 16 ಲಕ್ಷ ಗಾಡಿ ರೀಕಾಲ್ ಮಾಡಿತ್ತು, ಆಗ ಇದ್ದ ಸಿಂಥೆಟಿಕ್ ಗೇರ್ ಆಯಿಲ್‌ನಿಂದ ಬಿಸಿ ವಾತಾವರಣದಲ್ಲಿ ಶಾರ್ಟ್ ಸರ್ಕ್ಯೂಟ್ ಆಗಬಹುದು ಅಂತ ತೆಗೆದು ಮಿನರಲ್ ಆಯಿಲ್ ಹಾಕಿದ್ರು. ನಿಮ್ಮ 2018ರ ಗಾಡಿ ಅದಾದ ಮೇಲಿಂದು, ಆ ತಲೆನೋವು ಇಲ್ಲ. ಆದ್ರೆ ಡ್ರೈ ಕ್ಲಚ್ಚಿನ ಗುಣ ಎಲ್ಲಿಗೂ ಹೋಗಿಲ್ಲ.

ಈಗ ರೀಮ್ಯಾಪ್ ವಿಷಯಕ್ಕೆ ಬರ್ತೀನಿ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಅದೇ. ಈ ಇಂಜಿನ್ 1798 ಸಿಸಿ ಟರ್ಬೋ, 180 ಪಿಎಸ್ ಪವರ್, 250 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ಎಳೆಯೋ ಶಕ್ತಿ. ಈ 250 ಅನ್ನೋ ನಂಬರ್ ಎಲ್ಲಿಂದ ಬಂತು ಗೊತ್ತಾ? ಇಂಜಿನ್ನಿನ ಮಿತಿ ಅಲ್ಲ ಅದು, ಗೇರ್‌ಬಾಕ್ಸಿನ ಮಿತಿ. ಅದೇ ಕಾಲದ ಸ್ಕೋಡಾ ಸೂಪರ್ಬ್‌ನಲ್ಲಿ ಇದೇ 1.8 ಇಂಜಿನ್ ಇತ್ತು, ಮ್ಯಾನ್ಯುಯಲ್ ತಗೊಂಡ್ರೆ 320 ನ್ಯೂಟನ್ ಮೀಟರ್ ಕೊಡೋರು, ಆಟೋಮ್ಯಾಟಿಕ್ ತಗೊಂಡ್ರೆ 250ಕ್ಕೆ ಕಟ್ ಮಾಡಿ ಕೊಡೋರು. ಕಂಪನಿಯವರೇ ಈ ಕ್ಲಚ್ಚಿಗೆ 250ಕ್ಕಿಂತ ಮೇಲೆ ಕೊಡೋಕೆ ಹೋಗಲಿಲ್ಲ ಅಂದ್ಮೇಲೆ ರೀಮ್ಯಾಪ್ ಮಾಡಿಸಿ 320, 350 ತೆಗೀತೀನಿ ಅಂತ ಹೊರಟವನು ಯಾರ ಜೇಬಿನ ಮೇಲೆ ಆಟ ಆಡ್ತಿದ್ದಾನೆ? ಮುಂದಿನ ಓನರ್ ಜೇಬಿನ ಮೇಲೆ, ಅಂದ್ರೆ ನಿಮ್ಮದೇ. ಸಾಫ್ಟ್‌ವೇರ್ ಸ್ಟಾಕ್‌ಗೆ ತರೋದು ಅರ್ಧ ಗಂಟೆ ಕೆಲಸ, ಸವೆದ ಕ್ಲಚ್ ಪ್ಲೇಟು ಅದರ ಜೊತೆ ಸ್ಟಾಕ್‌ಗೆ ಬರಲ್ಲ. ಓನರ್ ಬಾಯಿಬಿಟ್ಟು ಹೇಳಿದ್ದಾರಲ್ಲ, ಅದಕ್ಕೆ ಅವರನ್ನ ಮೆಚ್ಚಲೇಬೇಕು, ಸುಮಾರು ಜನ ಅದನ್ನೂ ಹೇಳಲ್ಲ. ಹೇಳಿದ್ದು ಒಳ್ಳೇತನ, ಆದ್ರೆ ಅದಕ್ಕಾಗಿ ನೀವು 12.5 ಕೊಡಬೇಕಿಲ್ಲ.

ಹೇಳದೇ ಇದ್ದವರನ್ನ ಹಿಡಿಯೋಕೂ ದಾರಿ ಇದೆ. ಫೋಕ್ಸ್‌ವ್ಯಾಗನ್ ಗ್ರೂಪಿನ ವರ್ಕ್‌ಶಾಪ್ ಸಿಸ್ಟಮ್ಮಲ್ಲಿ ಇಂಜಿನ್ ಕಂಪ್ಯೂಟರ್ ಸಾಫ್ಟ್‌ವೇರ್ ಮೂಲದ್ದಲ್ಲ ಅಂತ ಕಂಡುಬಂದ್ರೆ ಆ ಗಾಡಿ ಹೆಸರಿಗೆ ಟಿಡಿ1 ಅಂತ ಒಂದು ಗುರುತು ಬೀಳುತ್ತೆ. ಅಥರೈಸ್ಡ್ ಸರ್ವಿಸ್ ಸೆಂಟರಿಗೆ ಓನರ್‌ನ ಜೊತೆಗೇ ಕರ್ಕೊಂಡು ಹೋಗಿ, ಚೆಕಪ್‌ಗೆ ಅಂತ ಹಾಕಿ, ಸರ್ವಿಸ್ ಹಿಸ್ಟರಿ ಪ್ರಿಂಟ್ ಕೇಳ್ರಿ, ಟಿಡಿ1 ಇದೆಯಾ ಅಂತಾನೂ ಕೇಳ್ರಿ. ಓನರ್ ಬರೋಕೆ ಒಪ್ಪಲಿಲ್ಲ ಅಂದ್ರೆ ಅಲ್ಲಿಗೇ ಉತ್ತರ ಸಿಕ್ತು.

ಇನ್ನು ಗಾಡಿ ಎಲ್ಲಿ ಓಡಿದೆ ಅಂತ ಓನರ್ ಬಾಯಿಂದ ಕೇಳೋದಕ್ಕಿಂತ ಗಾಡಿ ಹತ್ರಾನೇ ಕೇಳಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಆಕ್ಟೇವಿಯಾ ಮೀಟರ್ ಮಧ್ಯದ ಡಿಸ್‌ಪ್ಲೇಯಲ್ಲಿ ಟ್ರಿಪ್ ಡೇಟಾ ಮೆನುಗೆ ಹೋದ್ರೆ ಈಗಿನ ಪ್ರಯಾಣದ್ದು ಒಂದು, ಲಾಂಗ್ ಟರ್ಮ್ ಅಂತ ಇನ್ನೊಂದು ಲೆಕ್ಕ ಇರುತ್ತೆ. ಲಾಂಗ್ ಟರ್ಮಲ್ಲಿ ಎಷ್ಟು ಕಿಮೀ, ಎಷ್ಟು ಗಂಟೆ, ಸರಾಸರಿ ಸ್ಪೀಡು, ಸರಾಸರಿ ಮೈಲೇಜು ನಾಲ್ಕೂ ಕಾಣುತ್ತೆ. ಅದು ಗಾಡಿ ಹುಟ್ಟಿದಾಗಿಂದ ಇರೋ ಲೆಕ್ಕ ಅಲ್ಲ, ಒಂದು ಮಿತಿ ದಾಟಿದ್ರೆ ತಾನೇ ಸೊನ್ನೆಗೆ ಬರುತ್ತೆ, ಆದ್ರೂ ಇತ್ತೀಚಿನ ಓಡಾಟದ ಜಾತಕ ಅಲ್ಲಿದೆ. ಸರಾಸರಿ ಸ್ಪೀಡು 16, 17 ಅಂತ ಇದ್ದು ಮೈಲೇಜು 8 ತೋರಿಸ್ತಿದ್ರೆ ಓನರ್ ಹೈವೇ ಗಾಡಿ ಸರ್ ಅಂತ ಎಷ್ಟು ಆಣೆ ಮಾಡಿದ್ರೂ ಕಿವಿಗೆ ಹಾಕೋಬೇಡಿ. 45, 50 ಅಂತ ಇದ್ದು ಮೈಲೇಜು 13ರ ಮೇಲಿದ್ರೆ ಆ ಗಾಡಿ ನಿಜವಾಗ್ಲೂ ರಸ್ತೆ ಕಂಡಿದೆ. ನೀವು ಹೋಗೋ ದಿನ ಬೆಳಿಗ್ಗೆನೇ ರೀಸೆಟ್ ಆಗಿ 4 ಕಿಮೀ ಅಂತ ತೋರಿಸ್ತಿದ್ರೆ ಅದಕ್ಕೂ ಒಂದು ಅರ್ಥ ಇದೆ, ಬಿಡಿಸಿ ಹೇಳಬೇಕಿಲ್ಲ.

ಟೆಸ್ಟ್ ಡ್ರೈವ್ ಬಗ್ಗೆ. ಓನರಿಗೆ ಮೊದಲೇ ಹೇಳಿಬಿಡಿ, ನಾನು ಬರೋ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡ್ರಿ, ಬೆಚ್ಚಗಿದ್ರೆ ಇನ್ನೊಂದು ದಿನ ಬರ್ತೀನಿ ಅಂತ ವಾಪಸ್ ಬನ್ನಿ. ತಣ್ಣಗಿದ್ರೆ ಸ್ಟಾರ್ಟ್ ಮಾಡಿ ಕಿಟಕಿ ಇಳಿಸಿ ಕೇಳ್ರಿ. ಈ ಇಂಜಿನ್ನಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ, ಮೊದಲ ಒಂದೆರಡು ಸೆಕೆಂಡ್ ಬಿಟ್ಟು ಆಮೇಲೂ ಗರಗರ ಲೋಹದ ಸದ್ದು ಬರ್ತಿದ್ರೆ ಚೈನ್ ಮತ್ತು ಅದನ್ನ ಬಿಗಿ ಹಿಡಿಯೋ ಟೆನ್ಷನರ್ ನೋಡಿಸಬೇಕು. ಆಮೇಲೆ ಬೇಸ್‌ಮೆಂಟ್ ರ‍್ಯಾಂಪ್. ನಿಮ್ಮ ಕಡೆ ಸೊಸೈಟಿಗಳಲ್ಲಿ ಎರಡು ಲೆವೆಲ್ ಪಾರ್ಕಿಂಗ್ ಇರುತ್ತಲ್ಲ, ಅದೇ ನಿಮ್ಮ ಲ್ಯಾಬ್. ರ‍್ಯಾಂಪಿನ ಮಧ್ಯ ನಿಲ್ಲಿಸಿ, ಆಕ್ಸಿಲರೇಟರ್ ಮೆಲ್ಲಗೆ ಕೊಟ್ಟು ಮೇಲಕ್ಕೆ ಹತ್ತಿಸಿ, ಆಮೇಲೆ ಅದೇ ರ‍್ಯಾಂಪಲ್ಲಿ ರಿವರ್ಸ್ ಹತ್ತಿಸಿ. ಸೀಟಿನ ಕೆಳಗೆ ತಟತಟ ನಡುಗಿದ್ರೆ ಕ್ಲಚ್ ಹೋಗ್ತಾ ಇದೆ ಅಂತ. ರಿವರ್ಸಲ್ಲಿ ನಡುಕ ಇನ್ನೂ ಬೇಗ ಗೊತ್ತಾಗುತ್ತೆ. ಡಿ ಇಂದ ಆರ್, ಆರ್ ಇಂದ ಡಿ ಹತ್ತು ಸಲ ಬದಲಾಯಿಸಿ, ಪ್ರತೀ ಸಲ ಒಂದೇ ಸಮನೆ ಹಿಡಿಯಬೇಕು, ಒಂದು ಸಲ ತಡ ಮಾಡಿ ಧಡಕ್ ಅಂತ ಹಿಡಿದ್ರೂ ಬರೆದಿಟ್ಕೊಳ್ಳಿ. ಡಿಸ್‌ಪ್ಲೇಯಲ್ಲಿ ಗೇರ್ ನಂಬರ್ ಅಥವಾ ಸ್ಪ್ಯಾನರ್ ಗುರುತು ಮಿಣುಕಿದ್ರೆ ಅಲ್ಲೇ ಮುಗೀತು.

ಆಮೇಲೆ ರಸ್ತೆಗೆ ಬನ್ನಿ, ಬೇಕಂತಲೇ ಸಂಜೆ 6ರ ಮೇಲೆ ವಾಕಡ್ ಬ್ರಿಜ್ ಕಡೆ ಹೋಗಿ ಅರ್ಧ ಗಂಟೆ ಟ್ರಾಫಿಕ್ಕಲ್ಲಿ ತೆವಳಿಸಿ. ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಎಲ್ಲ ಡಿಎಸ್‌ಜಿನೂ ಚೆನ್ನಾಗೇ ಇರುತ್ತೆ, ಕಾದ ಮೇಲೆ 1ರಿಂದ 2ಕ್ಕೆ, 2ರಿಂದ 1ಕ್ಕೆ ಬರುವಾಗ ಬಣ್ಣ ಬಯಲಾಗೋದು. ಅಲ್ಲಿಂದ ಹೈವೇ ಹಿಡಿದು ಬಾಣೇರ್, ಚಾಂದನಿ ಚೌಕ ತನಕ ಬಂದ್ರೆ ಸಾಕು. ಚಾಂದನಿ ಚೌಕದ ಏರಲ್ಲಿ ಒಮ್ಮೆ ಪೂರ್ತಿ ಆಕ್ಸಿಲರೇಟರ್ ಒತ್ತಿ, ಆರ್‌ಪಿಎಂ ಏರ್ತಾ ಇದ್ದು ಸ್ಪೀಡು ಅದೇ ಲೆಕ್ಕದಲ್ಲಿ ಏರಲಿಲ್ಲ ಅಂದ್ರೆ ಕ್ಲಚ್ ಜಾರ್ತಾ ಇದೆ. ಗಾಡಿ ಸರಿ ಇದ್ರೆ ಆ ಏರಲ್ಲಿ ನಿಮಗೇ ನಗು ಬರುತ್ತೆ, 1,250 ಆರ್‌ಪಿಎಂನಿಂದಲೇ ಪೂರ್ತಿ ಟಾರ್ಕ್ ಸಿಗೋ ಇಂಜಿನ್ ಇದು, ಅದರ ರುಚಿ ಹತ್ತಿದವರಿಗೆ ಆಮೇಲೆ ಬೇರೆ ಕಾರು ಸಪ್ಪೆ ಅನ್ನಿಸೋದು ಸಹಜ, ಅದಕ್ಕೇ ಟೆಸ್ಟ್ ಡ್ರೈವಿಗೆ ನೀವೊಬ್ಬರೇ ಹೋಗಬೇಡಿ, ಮೋಹ ಇಲ್ಲದ ಒಬ್ಬರನ್ನ ಜೊತೆಗೆ ಕರ್ಕೊಂಡು ಹೋಗಿ.

ಸ್ಕ್ಯಾನ್ ಮಾಡಿಸದೇ ಟೋಕನ್ ಕೊಡಬೇಡಿ. ರಸ್ತೆ ಬದಿ ಸಿಗೋ, ಫಾಲ್ಟ್ ಕೋಡ್ ಓದೋ ಸಾದಾ ಓಬಿಡಿ ಡಾಂಗಲ್ ಸಾಲಲ್ಲ, ವಿಸಿಡಿಎಸ್ (ಫೋಕ್ಸ್‌ವ್ಯಾಗನ್ ಗ್ರೂಪ್ ಗಾಡಿಗಳ ಸ್ಕ್ಯಾನ್ ಸಾಫ್ಟ್‌ವೇರ್) ಅಥವಾ ಕಂಪನಿ ಟೂಲ್ ಇರೋ ಗ್ಯಾರೇಜ್ ಬೇಕು. ಗೇರ್‌ಬಾಕ್ಸ್ ಮಾಡ್ಯೂಲ್ ಒಳಗೆ ಎರಡೂ ಕ್ಲಚ್ಚಿನ ಅಡಾಪ್ಟೇಷನ್ ವ್ಯಾಲ್ಯೂ (ಸವೆತಕ್ಕೆ ತಕ್ಕಂತೆ ಗೇರ್‌ಬಾಕ್ಸ್ ಹೊಂದಿಸಿಕೊಂಡ ಲೆಕ್ಕ) ಮತ್ತು ಕಾದ ತಾಪಮಾನದ ದಾಖಲೆ ಇರುತ್ತೆ, ಅನುಭವ ಇರೋ ಮೆಕ್ಯಾನಿಕ್ ನೋಡಿದ್ರೆ ಕ್ಲಚ್ ಎಷ್ಟು ಉಳಿದಿದೆ ಅಂತ ಅಂದಾಜು ಹೇಳ್ತಾನೆ. ಇನ್ನೊಂದು ಲಾಭ, ಹಳೇ ಫಾಲ್ಟ್ ಕೋಡುಗಳ ಜೊತೆ ಆ ಫಾಲ್ಟ್ ಬಂದಾಗ ಎಷ್ಟು ಕಿಮೀ ಆಗಿತ್ತು ಅಂತಾನೂ ದಾಖಲಾಗಿರುತ್ತೆ. ಮೀಟರ್ 62,000 ಅಂತಿದ್ದು ಯಾವುದೋ ಮೂಲೆಯ ಮಾಡ್ಯೂಲಲ್ಲಿ 91,000ಕ್ಕೆ ಫಾಲ್ಟ್ ಬಂದಿದೆ ಅಂತ ಇದ್ರೆ ಮೀಟರ್ ತಿರುಗಿಸಿದ್ದು ಅಲ್ಲೇ ಸಿಕ್ಕಿಬೀಳುತ್ತೆ. ಎಲ್ಲಾ ಮಾಡ್ಯೂಲೂ ಆವತ್ತೇ ಬೆಳಿಗ್ಗೆ ಕ್ಲಿಯರ್ ಮಾಡಿದಂತೆ ಖಾಲಿ ಖಾಲಿ ಇದ್ರೆ ಅದೂ ಒಳ್ಳೇ ಲಕ್ಷಣ ಅಲ್ಲ.

ಗೇರ್‌ಬಾಕ್ಸ್ ಬಿಟ್ರೆ ಈ ಇಂಜಿನ್ನಲ್ಲಿ ನಾನು ಮೊದ್ಲು ನೋಡೋದು ಕೂಲಂಟ್. ವಾಟರ್ ಪಂಪು, ಥರ್ಮೋಸ್ಟಾಟು ಎರಡೂ ಸೇರಿ ಒಂದು ಪ್ಲಾಸ್ಟಿಕ್ ಹೌಸಿಂಗ್ ಒಳಗಿದೆ, ವಯಸ್ಸಾದ ಮೇಲೆ ಅದು ಜಿನುಗೋದು ಜಗತ್ತಿಗೇ ಗೊತ್ತಿರೋ ಕಾಯಿಲೆ. ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಟಾರ್ಚ್ ಹಾಕಿ ನೋಡಿದ್ರೆ ಒಣಗಿದ ಗುಲಾಬಿ ಬಣ್ಣದ ಪುಡಿ ಅಂಟಿರುತ್ತೆ. ಕೂಲಂಟ್ ಡಬ್ಬಿಯಲ್ಲಿ ಗುಲಾಬಿ ಬದಲು ಸಾದಾ ನೀರು ಕಂಡ್ರೆ ಯಾರೋ ಜಿನುಗೋದನ್ನ ಮುಚ್ಚಿಡೋಕೆ ಟಾಪ್ ಅಪ್ ಮಾಡ್ಕೊಂಡು ಬಂದಿದ್ದಾರೆ ಅಂತ ಲೆಕ್ಕ. ಇದು ಕೈ ಸುಡೋ ರಿಪೇರಿ ಅಲ್ಲ, ಆದ್ರೆ ಗೊತ್ತಿಲ್ಲದೇ ಖಂಬಾಟ್ಕಿ ಘಾಟಲ್ಲಿ ಅಮ್ಮ, ಮಕ್ಕಳನ್ನ ಕೂರಿಸ್ಕೊಂಡು ಟೆಂಪರೇಚರ್ ಲೈಟು ಹತ್ತಿದ್ರೆ ಆಗ ಸುಡುತ್ತೆ. ರೇಟ್ ಮಾತಾಡುವಾಗ ಇದನ್ನೇ ಹಿಡ್ಕೊಂಡು ಇಳಿಸಬಹುದು.

ಪನೋರಮಿಕ್ ಸನ್‌ರೂಫ್ ಇರೋ ಗಾಡಿ ಆದ್ರೆ ರೂಫ್ ಲೈನಿಂಗ್ ಮೂಲೆಗಳಲ್ಲಿ ಕಂದು ಕಲೆ ಇದೆಯಾ ನೋಡಿ, ಡ್ರೈನ್ ಪೈಪ್ ಕಟ್ಟಿಕೊಂಡ್ರೆ ಪುಣೆ ಮಳೆಗೆ ಒಳಗೆ ನೀರು ಬರುತ್ತೆ. ಮಳೆ ಅಂದ್ಕೂಡ್ಲೇ ಇನ್ನೊಂದು ಮಾತು, ಪ್ರವಾಹದ ಗಾಡಿ. 2019ರ ಸೆಪ್ಟೆಂಬರಲ್ಲಿ ಆಂಬಿಲ್ ಓಢಾ ಉಕ್ಕಿ ಕಾತ್ರಜ್, ಸಹಕಾರನಗರದ ಕಡೆ ಕಾರುಗಳು ತೇಲಿಹೋದವು, 2024ರ ಜುಲೈನಲ್ಲಿ ಸಿಂಹಗಡ್ ರೋಡ್ ಏಕತಾ ನಗರಿಯಲ್ಲಿ ಪಾರ್ಕಿಂಗೆಲ್ಲ ಮುಳುಗಿತ್ತು, 2019 ಮತ್ತು 2021ರಲ್ಲಿ ಸಾಂಗ್ಲಿ, ಕೊಲ್ಲಾಪುರದ್ದು ನಿಮಗೇ ಗೊತ್ತು, ಊರಿಗೆ ಹೋಗೋ ಹೈವೇನೇ ಬಂದ್ ಆಗಿತ್ತು. ಆ ಗಾಡಿಗಳೆಲ್ಲ ಎಲ್ಲಿ ಹೋದವು? ತೊಳೆದು ಒಣಗಿಸಿ ಸುಮಾರು ಮಾರ್ಕೆಟ್ಟಿಗೇ ಬಂದವು. ಸೀಟ್ ಬೆಲ್ಟನ್ನ ಕೊನೇ ತನಕ ಎಳೆದು ನೋಡಿ, ಕೊನೇ ಒಂದಡಿಯಲ್ಲಿ ಕೆಸರಿನ ಗೆರೆ ಇದ್ರೆ ಎಷ್ಟು ಪಾಲಿಶ್ ಹೊಡೆದಿದ್ರೂ ಬಿಟ್ಟುಬಿಡಿ. ಸೀಟಿನ ಕೆಳಗಿನ ರೈಲು, ಸ್ಟೆಪ್ನಿ ಗುಂಡಿ ಎರಡೂ ನೋಡಿ. ಮುಂಬೈ ಅಥವಾ ಗೋವಾ ಪಾಸಿಂಗ್ ಗಾಡಿ ಸಿಕ್ರೆ ಲಿಫ್ಟ್ ಮೇಲೆ ಹಾಕಿಸಿ ಬ್ರೇಕ್ ಪೈಪು, ಸಸ್ಪೆನ್ಷನ್ ಬೋಲ್ಟುಗಳಿಗೆ ಎಷ್ಟು ತುಕ್ಕು ಹಿಡಿದಿದೆ ಅಂತ ನೋಡಿಸಿ, ಸಮುದ್ರದ ಗಾಳಿ ಬಿಡಲ್ಲ.

ಈಗ ಮನೆ ಮಂದಿ ವಿಷಯ. ಡಿಕ್ಕಿ ಬಗ್ಗೆ ಮಾತೇ ಇಲ್ಲ, 590 ಲೀಟರ್, ಅದೂ ಹಿಂದಿನ ಗ್ಲಾಸ್ ಸಮೇತ ಮೇಲಕ್ಕೆ ಏಳೋ ಬಾಗಿಲು, ಹುಬ್ಬಳ್ಳಿಯಿಂದ ಜೋಳದ ಚೀಲ, ಶೇಂಗಾ ಹಿಂಡಿ ಡಬ್ಬಿ, ಮಕ್ಕಳ ಸೈಕಲ್ ಎಲ್ಲಾ ಹಿಡಿಯುತ್ತೆ. ಹಿಂದಿನ ಸೀಟಲ್ಲಿ ಮೂರು ಜನಕ್ಕೆ ಅಗಲ ಸಾಕು, 1,814 ಎಂಎಂ ಗಾಡಿ ಇದು, ಆದ್ರೆ ಮಧ್ಯ ಕೂರೋರ ಕಾಲಿಗೆ ನೆಲದ ಮಧ್ಯದ ಉಬ್ಬು (ಟನಲ್) ಅಡ್ಡ ಬರುತ್ತೆ, ಅಲ್ಲಿ ಚಿಕ್ಕ ಮಗು ಕೂರಬೇಕು. ಅಮ್ಮನದೇ ಪ್ರಶ್ನೆ. ಸೀಟು ತಗ್ಗು, ಮೊಣಕಾಲು ನೋವಿರೋರು ಕೂರೋಕಿಂತ ಏಳೋಕೇ ಕಷ್ಟಪಡ್ತಾರೆ. ಅಮ್ಮನ್ನ ಕರ್ಕೊಂಡು ಹೋಗಿ ಮೂರು ಸಲ ಹತ್ತಿಸಿ ಇಳಿಸಿ, ಅವರ ಮುಖ ನೋಡಿ, ಬಾಯಲ್ಲಿ ಏನು ತೊಂದ್ರೆ ಇಲ್ಲಪ್ಪ ಅಂತಾನೇ ಹೇಳ್ತಾರೆ. ಗ್ರೌಂಡ್ ಕ್ಲಿಯರೆನ್ಸ್ 155 ಎಂಎಂ, ಐದು ಜನ ಪ್ಲಸ್ ಲಗೇಜು ಹಾಕಿದ್ರೆ ಇನ್ನೂ ಕೂರುತ್ತೆ. ಸಾತಾರಾದಿಂದ ಕಾಗಲ್ ತನಕ ಸಿಕ್ಸ್ ಲೇನ್ ಕೆಲಸದ ಡೈವರ್ಷನ್ನುಗಳು, ಅಲ್ಲಲ್ಲಿ ಮಣ್ಣಿನ ಹಂಪು, ಹೊಟ್ಟೆ ಉಜ್ಜದ ಹಾಗೆ ಓರೆಯಾಗಿ ದಾಟಿಸೋದು ಅಭ್ಯಾಸ ಮಾಡ್ಕೋಬೇಕು. ಅದೊಂದು ಬಿಟ್ರೆ ಈ ರೂಟಿಗೆ ಹೇಳಿ ಮಾಡಿಸಿದ ಗಾಡಿ. 1.8ಕ್ಕೆ ಹಿಂದೆ ಮಲ್ಟಿ ಲಿಂಕ್ ಸಸ್ಪೆನ್ಷನ್ (ಎರಡೂ ಚಕ್ರ ಬೇರೆಬೇರೆಯಾಗಿ ಆಡೋದು) ಇದೆ, ಇದೇ ಆಕ್ಟೇವಿಯಾದ 1.4 ಪೆಟ್ರೋಲ್‌ಗೆ ಅದು ಇಲ್ಲ. ನಿಪ್ಪಾಣಿ ಹತ್ರ ತವಂದಿ ಘಾಟಿನ ತಿರುವಲ್ಲಿ ಆ ವ್ಯತ್ಯಾಸ ಸ್ಟೀರಿಂಗಲ್ಲೇ ಗೊತ್ತಾಗುತ್ತೆ.

ಆದ್ರೆ ನಿಮ್ಮದೇ ಲೆಕ್ಕ ಒಮ್ಮೆ ನೋಡ್ರಿ. ಊರಿಗೆ ಹೋಗಿ ಬರೋದು ತಿಂಗಳಿಗೆ 850 ಕಿಮೀ ಹತ್ರ, ಹೆಚ್ಚಂದ್ರೆ 14 ಗಂಟೆ. ಆಫೀಸಿಗೆ ದಿನಾ ಹೋಗಿ ಬಂದ್ರೆ 26 ಕಿಮೀ ಅಂತ ಇಟ್ಕೊಂಡ್ರೂ 20 ದಿನಕ್ಕೆ 520 ಕಿಮೀ, ಅದಕ್ಕೆ 35 ಗಂಟೆ. ಕಿಮೀ ಲೆಕ್ಕದಲ್ಲಿ ನೀವು ಹೈವೇ ಮನುಷ್ಯ, ಗಂಟೆ ಲೆಕ್ಕದಲ್ಲಿ ಪಕ್ಕಾ ಹಿಂಜವಡಿ ಮನುಷ್ಯ. ನೀವೂ ಆ ಓನರ್ ಮಾಡಿದ್ದನ್ನೇ ಮುಂದುವರಿಸ್ತೀರಿ, ಅರ್ಧ ಸವೆದ ಕ್ಲಚ್ಚಿನ ಮೇಲೆ. ಅದಕ್ಕೇ ನನ್ನ ಸಲಹೆ, ಯಾವ ಡಿಎಸ್‌ಜಿ ತಗೊಂಡ್ರೂ ಆಫೀಸಿಗೆ ಕಂಪನಿ ಬಸ್ಸೋ ಸ್ಕೂಟರೋ ಹಿಡೀರಿ, ಕಾರನ್ನ ಊರಿಗೆ ಮತ್ತು ಭಾನುವಾರಕ್ಕೆ ಇಟ್ಕೊಳ್ಳಿ. ಆಗಲ್ಲ, ದಿನಾ ಕಾರೇ ಬೇಕು ಅಂದ್ರೆ ಟ್ರಾಫಿಕ್ಕಲ್ಲಿ ಇಂಚಿಂಚು ತೆವಳಬೇಡಿ, ಬ್ರೇಕ್ ಪೂರ್ತಿ ಒತ್ತಿ ಹಿಡಿದು ಮುಂದೆ ಒಂದು ಕಾರಿನಷ್ಟು ಜಾಗ ಆದ್ಮೇಲೆ ಒಂದೇ ಸಲ ಹೋಗಿ, ಹಿಂದಿನವನು ಹಾರ್ನ್ ಹೊಡೀತಾನೆ, ಹೊಡೀಲಿ, ಅವನೇನು ಕ್ಲಚ್ ಬಿಲ್ ಕಟ್ಟಲ್ಲ.

ದಿನಾ ಓಡಿಸೋದು ಖಚಿತ ಅಂದ್ರೆ ಬೇರೆ ಆಯ್ಕೆನೂ ಹೇಳ್ತೀನಿ. ಆಕ್ಟೇವಿಯಾದಲ್ಲೇ 1.4 ಟಿಎಸ್‌ಐ 6 ಸ್ಪೀಡ್ ಮ್ಯಾನ್ಯುಯಲ್ ಬರ್ತಿತ್ತು, 2017ರ ಫೇಸ್‌ಲಿಫ್ಟ್ ಆದ್ಮೇಲಿನದ್ದು 150 ಪಿಎಸ್, ಟಾರ್ಕ್ ಅದೇ 250. ಕ್ಲಚ್ ನಿಮ್ಮ ಎಡಗಾಲಲ್ಲಿ, ಹೋದ್ರೂ ರಿಪೇರಿ ಖರ್ಚು ಡಿಎಸ್‌ಜಿಯ ಒಂದು ಭಾಗ ಅಷ್ಟೇ. ಸಿಗೋದು ಕಮ್ಮಿ, ಸಿಕ್ರೆ ಬಿಡಬೇಡಿ. ಇಲ್ಲಾಂದ್ರೆ 2022ರ ಸ್ಕೋಡಾ ಸ್ಲಾವಿಯಾ 1.5 ಮ್ಯಾನ್ಯುಯಲ್, ಅದೂ 150 ಪಿಎಸ್, 250 ಟಾರ್ಕ್, ನಮ್ಮ ಚಾಕಣದಲ್ಲೇ ತಯಾರಾಗೋ ಗಾಡಿ, 179 ಎಂಎಂ ಕ್ಲಿಯರೆನ್ಸ್, 521 ಲೀಟರ್ ಡಿಕ್ಕಿ, 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟಲ್ಲಿ ದೊಡ್ಡವರಿಗೂ ಮಕ್ಕಳಿಗೂ 5 ಸ್ಟಾರ್. ಅಗಲ 1,752 ಅಷ್ಟೇ, ಹಿಂದೆ ಮೂರು ಜನ ಅಂದ್ರೆ ಭುಜಕ್ಕೆ ಭುಜ, ಮತ್ತೆ ಆಕ್ಟೇವಿಯಾದ ಆ ಗಟ್ಟಿತನ, ಬಾಗಿಲು ಹಾಕಿದಾಗಿನ ಆ ಸದ್ದು ಇದರಲ್ಲಿಲ್ಲ. ಇದರ ಅಣ್ಣತಮ್ಮ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, ಮೊದಲ ವರ್ಷ ಬರೀ ಡಿಎಸ್‌ಜಿ, ಅದೇ ಡ್ರೈ ಕ್ಲಚ್ ಡಿಕ್ಯೂ200, ಮ್ಯಾನ್ಯುಯಲ್ 2023ರಲ್ಲಿ ಬಂತು. ಆಟೋಮ್ಯಾಟಿಕ್ಕೇ ಬೇಕು, ಹೆಂಡ್ತಿನೂ ಓಡಿಸ್ತಾರೆ ಅಂದ್ರೆ ಇವೆರಡರ 1.0 ಟಿಎಸ್‌ಐನಲ್ಲಿ ಬರೋದು ಟಾರ್ಕ್ ಕನ್ವರ್ಟರ್, ಡ್ರೈ ಕ್ಲಚ್ ಬದಲು ಎಣ್ಣೆ ಮೂಲಕ ಶಕ್ತಿ ದಾಟಿಸೋ ಆಟೋಮ್ಯಾಟಿಕ್, ಟ್ರಾಫಿಕ್ಕಲ್ಲಿ ಅದಕ್ಕೆ ಸುಸ್ತಿಲ್ಲ, 115 ಪಿಎಸ್ ಅಂದ್ರೂ ಸಪ್ಪೆ ಅಲ್ಲ. ಹೋಂಡಾ ಸಿವಿಕ್ ಅಂತ ಯಾರಾದ್ರೂ ಹೇಳಬಹುದು, 2019ರಲ್ಲಿ ಬಂದು 2020ರ ಕೊನೆಗೆ ನಿಂತಿತು, ನೋಡೋಕೆ ಮಾತ್ರ ಸ್ಪೋರ್ಟಿ, ಆಟೋಮ್ಯಾಟಿಕ್ ಅಂದ್ರೆ ಸಿವಿಟಿ (ಗೇರ್ ಮೆಟ್ಟಿಲಿಲ್ಲದ) ಗೇರ್‌ಬಾಕ್ಸು, ಕೂರೋದು ಆಕ್ಟೇವಿಯಾಗಿಂತ ತಗ್ಗು, ಅಮ್ಮನಿಗೆ ಆಗಲ್ಲ.

ದುಡ್ಡಿನ ಮಾತು. ಆಕ್ಟೇವಿಯಾ 1.8 ಅಂದ್ರೆ 2020ರಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗಲೇ ನಿಂತುಹೋದ ಗಾಡಿ, ವಾರಂಟಿ ಅನ್ನೋದು ಮುಗಿದ ಮಾತು. ಕ್ಲಚ್ ಪ್ಯಾಕು, ಮೆಕಾಟ್ರಾನಿಕ್ ಎರಡೂ ಒಟ್ಟಿಗೆ ಬಂದ್ರೆ ಬಿಲ್ ಎರಡು ಲಕ್ಷ ದಾಟೋದು ಕಷ್ಟ ಏನಲ್ಲ. ಹಾಗಾಗಿ ನಿಮ್ಮ ಕೈಯಲ್ಲಿ 12.5 ಇದ್ರೆ ನಿಮ್ಮ ಗಾಡಿ ಬಜೆಟ್ 10.5 ಅಂತ ತಿಳ್ಕೊಳ್ಳಿ, ಉಳಿದ ಎರಡು ಎಫ್‌ಡಿ ಮಾಡಿ ಇಡ್ರಿ, ಬೇಕಾಗಲಿಲ್ಲ ಅಂದ್ರೆ ನಿಮ್ಮದೇ. 1,10,000 ಓಡಿದ ಗಾಡಿ ಹೈವೇಯದ್ದೇ ಅಂತ ಟ್ರಿಪ್ ಡೇಟಾ, ಸರ್ವಿಸ್ ಹಿಸ್ಟರಿ ಎರಡೂ ಹೇಳಿದ್ರೆ, ರ‍್ಯಾಂಪಲ್ಲಿ ನಡುಗದೇ ಇದ್ರೆ, 10ಕ್ಕೆ ಮಾತಾಡಿ ಮುಗಿಸಿ. ಈ 62,000ದ್ದೇ ಮನಸ್ಸಿಗೆ ಹಿಡಿದಿದೆ ಅಂದ್ರೆ ಎರಡೇ ದಾರಿ, ಒಂದೋ ಓನರ್ ಹೊಸ ಕ್ಲಚ್ ಹಾಕಿಸಿ ಬಿಲ್ ತೋರಿಸಲಿ, ಇಲ್ಲಾ ಅಷ್ಟು ದುಡ್ಡು ರೇಟಲ್ಲಿ ಬಿಡಲಿ. ಮಧ್ಯದ ದಾರಿ ಇಲ್ಲ. ಪೆಟ್ರೋಲ್ ಖರ್ಚೂ ಸೇರಿಸ್ಕೊಳ್ಳಿ, ಸಿಟಿಯಲ್ಲಿ 8, 9 ಸಿಕ್ರೆ ಹೆಚ್ಚು, ಹೈವೇಯಲ್ಲಿ ಮೆಲ್ಲಗೆ ಹೋದ್ರೆ 14, 15, ಅದರ ಮೇಲೆ ಈಗ ಬಂಕಲ್ಲಿ ಸಿಗೋದು ಶೇ 20 ಎಥೆನಾಲ್ ಬೆರೆತ ಪೆಟ್ರೋಲು, 2018ರ ಗಾಡಿಯನ್ನ ಅದಕ್ಕೆ ಅಂತ ಟ್ಯೂನ್ ಮಾಡಿಲ್ಲ, ಮೈಲೇಜು ಇನ್ನೊಂಚೂರು ಇಳಿಯುತ್ತೆ.

ಪೇಪರ್ ಕೆಲಸ ಬೇಗ ಹೇಳಿ ಮುಗಿಸ್ತೀನಿ. ವಾಹನ್ ಪೋರ್ಟಲ್‌ನಲ್ಲಿ ನಂಬರ್ ಹಾಕಿ ಲೋನ್ ಇದೆಯಾ ನೋಡಿ, ಇದ್ರೆ ಬ್ಯಾಂಕ್ ಎನ್‌ಒಸಿ ಮತ್ತು ಲೋನ್ ಮುಗಿದಿದೆ ಅನ್ನೋ ಫಾರ್ಮ್ 35 ಇಲ್ಲದೇ ದುಡ್ಡು ಕೊಡಬೇಡಿ. ಮಹಾರಾಷ್ಟ್ರ ಪೊಲೀಸರ ಇ-ಚಲಾನ್ ಬಾಕಿ ನೋಡಿ, ಹಿಂಜವಡಿ ಕಡೆ ಗಾಡಿಗಳಿಗೆ ಸಾವಿರಗಟ್ಟಲೆ ಇರೋದು ಮಾಮೂಲು, ಅದನ್ನ ಓನರೇ ಕಟ್ಟಬೇಕು. ಟ್ರಾನ್ಸ್‌ಫರ್‌ಗೆ ಫಾರ್ಮ್ 29 ಮತ್ತು 30. 2019ರ ಏಪ್ರಿಲ್‌ಗಿಂತ ಮೊದಲಿನ ಗಾಡಿ ಆಗಿರೋದ್ರಿಂದ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಹಾಕಿಸಿದ್ದಾರಾ ನೋಡ್ಕೊಳ್ಳಿ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸೋಕೆ ಅರ್ಜಿ ಹಾಕಿ, ಇದನ್ನ ಸುಮಾರು ಜನ ಮರೀತಾರೆ. ಓನರ್‌ನ ನೋ ಕ್ಲೇಮ್ ಬೋನಸ್ ನಿಮಗೆ ಬರಲ್ಲ, ಅದು ಅವರ ಜೊತೆಗೇ ಹೋಗುತ್ತೆ.

ಕೊನೇದಾಗಿ ಹುಬ್ಬಳ್ಳಿಗೆ ಶಿಫ್ಟ್ ಆದ್ರೆ ಅಂತ ಕೇಳಿದ್ರಲ್ಲ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಗಾಡಿ ಇಟ್ಕೊಂಡ್ರೆ ಅಲ್ಲಿನ ನಂಬರ್ ಮಾಡಿಸಲೇಬೇಕು, ಮೋಟಾರ್ ವಾಹನ ಕಾಯ್ದೆಯ ಸೆಕ್ಷನ್ 47 ಅದು. ಅದಕ್ಕೆ ಪಿಂಪ್ರಿ ಚಿಂಚವಾಡ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ ತಗೊಂಡು ಕರ್ನಾಟಕದಲ್ಲಿ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಬೇಕು. ಅಲ್ಲಿ 10ರಿಂದ 20 ಲಕ್ಷದ ಹೊಸ ಕಾರಿಗೆ ಶೇ 17, 20 ದಾಟಿದ್ದಕ್ಕೆ ಶೇ 18, ಮೇಲೆ ಸೆಸ್ಸು. ಹಳೇ ಗಾಡಿಗೆ ವಯಸ್ಸಿಗೆ ತಕ್ಕ ಹಾಗೆ ಕಡಿಮೆ ಆಗುತ್ತೆ, ಆದ್ರೆ ಲೆಕ್ಕ ಶುರುವಾಗೋದು ಗಾಡಿಯ ಮೂಲ ಬೆಲೆ ಮೇಲೆ, ನೀವು ಕೊಟ್ಟ 10 ಲಕ್ಷದ ಮೇಲಲ್ಲ. ಆಕ್ಟೇವಿಯಾ 1.8 ಹೊಸದರಲ್ಲಿ 20 ಲಕ್ಷದ ಆಸುಪಾಸಿನ ಗಾಡಿ, ಆದ್ದರಿಂದ ಕಟ್ಟೋದು ಲಕ್ಷದ ಮೇಲೇ ಇರುತ್ತೆ. ಮಹಾರಾಷ್ಟ್ರದಲ್ಲಿ ಕಟ್ಟಿದ ಟ್ಯಾಕ್ಸಲ್ಲಿ ಉಳಿದ ಅವಧಿಯದ್ದು ವಾಪಸ್ ಕೇಳಬಹುದು, ಕರ್ನಾಟಕದ ಹೊಸ ಆರ್‌ಸಿ ತೋರಿಸಿ ಅರ್ಜಿ ಹಾಕಬೇಕು, ಓಡಾಟ ಇದೆ. ಹಾಗಾಗಿ ಎರಡು ವರ್ಷದೊಳಗೆ ಶಿಫ್ಟ್ ಆಗೋದು ಖಾತ್ರಿ ಅಂದ್ರೆ ಪುಣೆಯಲ್ಲಿ ಹುಡುಕೋದೇ ಬಿಡಿ, ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಲ್ಲಿ ಕೆಎ ಪಾಸಿಂಗ್ ಗಾಡಿಯನ್ನೇ ನೋಡಿ, ಅಲ್ಲಿವರೆಗೆ ಈಗ ಓಡಾಡ್ತಿರೋ ಹಾಗೇ ಓಡಾಡಿ. ಇಲ್ಲೇ ಇರ್ತೀವಿ ಅಂದ್ರೆ ಶನಿವಾರ ಆ 1,10,000ದ ಓನರ್‌ಗೆ ಫೋನ್ ಮಾಡಿ, ಬಾನೆಟ್ ತಣ್ಣಗಿರಲಿ ಅಂತ ಮರೀದೇ ಹೇಳಿ.